ಶಬ್ದದ ಮುಂದಿನ ಪ್ರಶ್ನಾರ್ಥಕ ಚಿಹ್ನೆ

ಪ್ರಶ್ನಾರ್ಥಕ ಚಿಹ್ನೆ ವಾಕ್ಯದ ಕೊನೆಗೆ ಬರುತ್ತದೆ ಎಂದು 28 ವರ್ಷ ಮಕ್ಕಳಿಗೆ ಕಲಿಸಿದೆ. ಅದು ಶಬ್ದದ ಮುಂದೆ ಬಂದು ಕೂತದ್ದನ್ನು ಮೊದಲ ಸಲ ನೋಡಿದ್ದು ಶಹಾಪುರದ ಒಂದು ದವಾಖಾನೆಯ ಚೀಟಿಯಲ್ಲಿ. ಇಂಗ್ಲಿಷಿನ ಎರಡು ಶಬ್ದ, ಅವುಗಳ ಮುಂದೆ ಕುಡಗೋಲಿನಂತೆ ಬಾಗಿದ ಆ ಗುರುತು. ಔಷಧಿ ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನನ್ನು ಕೇಳಿದೆ. "ಡಾಕ್ಟರಿಗೆ ಇನ್ನಾ ಪಕ್ಕಾ ಆಗಿಲ್ಲ ಅಂತ ಅರ್ಥ ಟೀಚರ್" ಅಂದ. ಅರ್ಧ ದಿನ ರಜೆ ಹಾಕಿ, ಎರಡು ತಾಸು ಪಾಳಿಯಲ್ಲಿ ಕೂತು ಬಂದವಳಿಗೆ ಇದೇ ಉತ್ತರವೇ ಎಂದು ಸಿಟ್ಟು ಬಂತು. ಈಗ ಅಂಥ ಚೀಟಿಗಳು ನನ್ನ ಹತ್ತಿರ ಒಂದು ಫೈಲು ತುಂಬ ಇವೆ. ಅವತ್ತಿನ ಸಿಟ್ಟು ತಪ್ಪಾಗಿತ್ತು ಎಂದು ತಿಳಿಯಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ನೋವು ಶುರುವಾದದ್ದು 2011ರ ಜನಗಣತಿಯ ತಿಂಗಳಲ್ಲಿ. ಫೆಬ್ರುವರಿ 9ರಿಂದ 28ರವರೆಗೆ ಮನೆಮನೆ ಎಣಿಕೆ. ಶಾಲೆ ಬಿಟ್ಟ ಮೇಲೆ ಹೆಗಲಿಗೆ ಚೀಲ ಹಾಕಿ ಶಹಾಪುರದ ಓಣಿಗಳಲ್ಲಿ ತಿರುಗುತ್ತಿದ್ದೆ. ಆಗ ನನಗೆ 47. ನಮ್ಮ ಯಾದಗಿರಿ ಜಿಲ್ಲೆಯಾಗಿ ಒಂದು ವರ್ಷ ತುಂಬಿ ಎರಡು ತಿಂಗಳೂ ಆಗಿರಲಿಲ್ಲ. 2009ರ ಡಿಸೆಂಬರ್ 30ಕ್ಕೆ ಕಲಬುರಗಿಯಿಂದ ಬೇರೆಯಾಗಿದ್ದೆವು. ಫೆಬ್ರುವರಿ 28ರ ರಾತ್ರಿ ಮನೆಯಿಲ್ಲದವರ ಎಣಿಕೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗಿದ್ದವರನ್ನು ಮೆಲ್ಲಗೆ ಎಬ್ಬಿಸಿ ಹೆಸರು, ವಯಸ್ಸು ಬರೆದುಕೊಂಡೆವು. ಮರುದಿನ ಬೆಳಿಗ್ಗೆ ಮಂಚದಿಂದ ಇಳಿದು ಬಲಗಾಲು ನೆಲಕ್ಕೆ ಊರಿದೆ. ಹಿಮ್ಮಡಿಯಿಂದ ಬೆರಳಿನವರೆಗೆ ಒಂದು ಉರಿ ಹರಿಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋದೆ. ನಡೆದು ನಡೆದು ಹೀಗಾಗಿದೆ, ಎರಡು ದಿನಕ್ಕೆ ಹೋಗುತ್ತದೆ ಅಂದುಕೊಂಡೆ.

ಹೋಗಲಿಲ್ಲ. ಯುಗಾದಿ ಬಂತು, ಬೇಸಿಗೆ ರಜೆ ಬಂತು, ಶಾಲೆ ಮತ್ತೆ ಶುರುವಾಯಿತು. ಎಡಗಾಲೂ ಹಿಡಿದುಕೊಂಡಿತು.

ಈ ನೋವನ್ನು ಹೇಳುವುದು ಕಷ್ಟ. ಡಾಕ್ಟರು ಒಂದರಿಂದ ಹತ್ತರೊಳಗೆ ಅಂಕ ಕೊಡಿ ಅನ್ನುತ್ತಾರೆ. ಅಂಕ ಕೊಡುವುದು ನನ್ನ ಕಸುಬೇ ಆಗಿತ್ತು, ಆದರೂ ಇದಕ್ಕೆ ಕೊಡಲಾಗಲಿಲ್ಲ. ಬೆಳಿಗ್ಗೆ ಮೊದಲ ಹೆಜ್ಜೆಗೆ ಒಂದು ಥರ, ಮಧ್ಯಾಹ್ನ ಬೋರ್ಡಿನ ಮುಂದೆ ನಿಂತಾಗ ಇನ್ನೊಂದು ಥರ, ರಾತ್ರಿ ಹಾಸಿಗೆಯಲ್ಲಿ ಹೊದಿಕೆ ತಾಗಿದರೆ ಬೇರೆಯೇ. ಅತ್ತೆಗೆ ಮಾತ್ರ ಒಂದೇ ಮಾತಿನಲ್ಲಿ ಹೇಳಿಬಿಟ್ಟೆ: "ಬರಿಗಾಲಿಲೆ ಜ್ವಾಳದ ಕೂಳಿ ತುಳದಂಗ ಆಗ್ಲತ್ತದ." ಕೊಯ್ದ ಜೋಳದ ಹೊಲದಲ್ಲಿ ಚಪ್ಪಲಿಯಿಲ್ಲದೆ ನಡೆದವರಿಗೆ ಅದು ಗೊತ್ತು. ಓರೆಯಾಗಿ ಕೊಯ್ದ ಗಟ್ಟಿ ದಂಟಿನ ತುದಿ ಎಲ್ಲಿ ಚುಚ್ಚುತ್ತದೆಂದು ಮೊದಲೇ ತಿಳಿಯುವುದಿಲ್ಲ, ಆದ್ದರಿಂದ ಕಾಲು ಊರುವ ಮುಂಚೆಯೇ ಮೈ ಬಿಗಿಯುತ್ತದೆ. ಅತ್ತೆ ಹೆಚ್ಚಿಗೆ ಏನೂ ಕೇಳಲಿಲ್ಲ. ಇಟ್ಟಿಗೆ ಕಾಸಿ, ಮೇಲೆ ಎಕ್ಕೆಯ ಎಲೆ ಹಾಸಿ, ಅದರ ಮೇಲೆ ಹಿಮ್ಮಡಿ ಇಡಿಸಿದರು. ಆ ಬಿಸಿಗೆ ಅರ್ಧ ತಾಸು ಹಿತವೆನಿಸುತ್ತಿತ್ತು. ತಿಂಗಳುಗಟ್ಟಲೆ ಮಾಡಿದೆವು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಅರಿವು ಹೋದವರು ಮಾತ್ರ ಇದನ್ನು ಮಾಡಲೇಬಾರದು. ಬಿಸಿ ಎಷ್ಟೆಂದು ಕಾಲಿಗೇ ಗೊತ್ತಾಗದೆ ಬೊಬ್ಬೆ ಎದ್ದು ಹುಣ್ಣಾಗುತ್ತದೆ.

ಮೊದಲ ಚೀಟಿಯ ಆ ಎರಡು ಶಬ್ದ ಪ್ಲಾಂಟರ್ ಫ್ಯಾಸೈಟಿಸ್. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಡಿ ಹಗ್ಗದಂತೆ ಬಿಗಿದಿರುವ ಪಟ್ಟಿಯ ತೊಂದರೆ. ನಿದ್ದೆಯಿಂದ ಎದ್ದ ಮೊದಲ ಹೆಜ್ಜೆಯ ನೋವು ಅದರ ಮುಖ್ಯ ಲಕ್ಷಣ, ನನಗೂ ಅದೇ ಇತ್ತು. ಎಕ್ಸ್‌ರೇಯಲ್ಲಿ ಹಿಮ್ಮಡಿ ಎಲುಬಿನ ಕೆಳಗೆ ಸಣ್ಣ ಮುಳ್ಳಿನಂಥದು ಕಂಡಿತು. ಹಾಗಾದರೆ ಆ ಮುಳ್ಳೇ ಚುಚ್ಚುತ್ತದೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಇರುತ್ತದೆ ಎಂದು ಆಮೇಲೆ ತಿಳಿಯಿತು. ಆ ಕಾಯಿಲೆ ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿಯೇ ಇಳಿಯುತ್ತದಂತೆ. ನನಗೆ ವರ್ಷ ಕಳೆಯಿತು, ನೋವು ಉಳಿಯಿತು, ಉರಿ ಜಾಸ್ತಿಯಾಯಿತು. ಅಂದರೆ ಡಾಕ್ಟರು ಹಾಕಿದ್ದ ಪ್ರಶ್ನೆ ಸರಿಯಾಗಿಯೇ ಇತ್ತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಖಚಿತವಾಗಿ ಹೇಳುವವರನ್ನು ಹುಡುಕಿಕೊಂಡು ಹೋದೆ. ಬೇರೆ ಊರಿನ ಒಂದು ಕಡೆ ರಕ್ತದ ರಿಪೋರ್ಟು ನೋಡಿದ ಕೂಡಲೇ ಉತ್ತರ ಸಿಕ್ಕಿತು: ಯೂರಿಕ್ ಆ್ಯಸಿಡ್, ಇದು ಗೌಟ್. ಚಿಹ್ನೆ ಇಲ್ಲ, ಸಂಶಯ ಇಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗಾದ ಸಮಾಧಾನ ಇವತ್ತಿಗೂ ನೆನಪಿದೆ. ದೋರನಹಳ್ಳಿ ದಾಟಿದ ಮೇಲೆ ಕಿಟಕಿಯ ಹೊರಗೆ ತೊಗರಿ ಹೊಲ ಹೂ ಬಿಟ್ಟು ಹಳದಿಯಾಗಿ ನಿಂತಿತ್ತು. ಕೈಯಲ್ಲಿದ್ದ ಪಟ್ಟಿಯಲ್ಲಿ ತಿನ್ನಬಾರದ ಮೊದಲ ವಸ್ತು ತೊಗರಿ ಬೇಳೆ. ಎಂಟು ತಿಂಗಳು ಬೇಳೆ ಮುಟ್ಟಲಿಲ್ಲ. ಪಾಲಕ, ಟೊಮ್ಯಾಟೊ, ಶೇಂಗಾ ಬಿಟ್ಟೆ. ನಮ್ಮ ಕಡೆ ರೊಟ್ಟಿ ಜೊತೆಗೆ ಬೇಳೆ ಇಲ್ಲದ ಊಟ ಅಂದರೆ ಬರಗಾಲದ ಊಟ. ಹಬ್ಬಕ್ಕೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿ, ನಾನು ಮಜ್ಜಿಗೆ ಅನ್ನ ಉಂಡೆ. ತೂಕ ಇಳಿಯಿತು, ಮೈಯಲ್ಲಿ ಕಸುವು ಹೋಯಿತು, ನೋವು ಎಳ್ಳಷ್ಟೂ ಇಳಿಯಲಿಲ್ಲ. ಯೂರಿಕ್ ಆ್ಯಸಿಡ್ ತುಸು ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಅನ್ನಲು ಬರುವುದಿಲ್ಲ. ಗೌಟ್ ಸಾಮಾನ್ಯವಾಗಿ ಹೆಬ್ಬೆರಳಿನ ಕೀಲು ಕೆಂಪಗೆ ಊದಿ, ಬಂದು ಹೋಗುವ ನೋವು. ಬೇಳೆಕಾಳು ಅದಕ್ಕೆ ಮಾಂಸ, ಮದ್ಯದಷ್ಟು ಕಾರಣವೂ ಅಲ್ಲ. ಇದನ್ನೆಲ್ಲ ಇನ್ನೊಬ್ಬ ವೈದ್ಯರು ಬಿಡಿಸಿ ಹೇಳುವ ಹೊತ್ತಿಗೆ ನನ್ನ ಹಿಮೋಗ್ಲೋಬಿನ್ ಬಿದ್ದುಹೋಗಿತ್ತು. ಅವಸರದಲ್ಲಿ ಕೊಟ್ಟ ಹೆಸರಿಗೆ ಎಂಟು ತಿಂಗಳ ಅನ್ನ ತೆತ್ತೆ. ಹೆಸರು ಕೊಟ್ಟವರನ್ನು ದೂರುವುದಕ್ಕಿಂತ, ಹೆಸರಿಗಾಗಿ ಹಸಿದಿದ್ದ ನನ್ನನ್ನು ನೆನೆದು ಮರುಕವಾಗುತ್ತದೆ.

ಆ ನಡುವೆ ಸಂಜೆ ಹೊತ್ತಿಗೆ ಹರಡಿನ ಸುತ್ತ ಸ್ವಲ್ಪ ಬಾವು ಕಾಣಿಸತೊಡಗಿತು. ನಮ್ಮ ಜಿಲ್ಲೆಯಲ್ಲಿ ಕಾಲು ಊದಿದರೆ ಮನಸ್ಸು ಮೊದಲು ಓಡುವುದು ಆನೆಕಾಲಿನ ಕಡೆಗೆ. ಯಾದಗಿರಿ ಫೈಲೇರಿಯಾ ಇರುವ ಜಿಲ್ಲೆ. ವರ್ಷಕ್ಕೊಮ್ಮೆ ಗುಳಿಗೆ ನುಂಗಿಸುವ ದಿನ ಆರೋಗ್ಯ ಇಲಾಖೆಯವರ ಜೊತೆ ನಿಂತು ಮಕ್ಕಳನ್ನು ಸಾಲು ಮಾಡಿಸಿದವರು ನಾವೇ. ಆರರಿಂದ ಹದಿನಾಲ್ಕು ವರ್ಷದವರಿಗೆ ಡಿಇಸಿ ಎರಡು, ದೊಡ್ಡವರಿಗೆ ಮೂರು, ಜೊತೆಗೆ ಆಲ್ಬೆಂಡಜೋಲ್ ಒಂದು. ಆಮೇಲೆ ಐವರ್ಮೆಕ್ಟಿನ್ನೂ ಸೇರಿ ಮೂರು ಔಷಧಿಗಳ ಪದ್ಧತಿ ಬಂತು. ಆ ಮೂರನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ಪರೀಕ್ಷೆ ನಡೆದಾಗ ಭಾರತದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯನ್ನು. ನಮ್ಮವರು ನುಂಗಿದ ಗುಳಿಗೆಯಿಂದ ಜಗತ್ತಿಗೇ ಒಂದು ಉತ್ತರ ಸಿಕ್ಕಿದೆ. ನಮ್ಮ ಪಠ್ಯದಲ್ಲಿ ಅದು ಇಲ್ಲವಲ್ಲ ಎಂಬ ಬೇಸರ ನನಗಿದೆ.

ಆ ರೋಗದ ಮರಿಹುಳು ರಾತ್ರಿಯಷ್ಟೇ ಮೇಲಿನ ರಕ್ತಕ್ಕೆ ಬರುತ್ತದೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತೂ ಅದೇ. ಹಾಗಾಗಿ ರಕ್ತ ತೆಗೆಯುವವರು ಊಟದ ಹೊತ್ತು ಮೀರಿದ ಮೇಲೆ ಬರುತ್ತಾರೆ. ಒಂದು ರಾತ್ರಿ ಹತ್ತು ಗಂಟೆಗೆ ನಮ್ಮ ಓಣಿಗೆ ಬಂದರು. ನಾನಾಗಿಯೇ ಹೋಗಿ ಬೆರಳು ಚಾಚಿದೆ. ಬ್ಯಾಟರಿಯ ಬೆಳಕಿನಲ್ಲಿ ಗಾಜಿನ ಮೇಲೆ ಮೂರು ಗೆರೆ ರಕ್ತ ಎಳೆದುಕೊಂಡರು. ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಎಡಗಾಲು ಮೂವತ್ತು ವರ್ಷದಿಂದ ಕಂಬದ ಹಾಗೆ. "ನಿಂದು ಸಣ್ಣದದ ತಂಗಿ, ಚಿಂತಿ ಮಾಡಬ್ಯಾಡ" ಅಂದಳು. ಅವಳ ಕಾಲನ್ನು ನಾನು ದಿನವೂ ನೋಡುತ್ತಿದ್ದೆ, ಅದು ಎಷ್ಟು ನೋಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ವಾರದ ನಂತರ ನನ್ನ ರಕ್ತದಲ್ಲಿ ಹುಳು ಇಲ್ಲ ಎಂದು ಬಂತು. ಸಂತೋಷಪಡಬೇಕಾದ ಸುದ್ದಿ, ಪಟ್ಟೆ ಕೂಡ. ಆದರೆ ಅದೇ ರಾತ್ರಿ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಇದೂ ಅಲ್ಲವೆಂದರೆ ಮತ್ತೇನು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಅಳು ಅದು. ರಿಪೋರ್ಟು ನಾರ್ಮಲ್ ಬಂದಾಗ ಅಳುವವರನ್ನು ಕಂಡರೆ ದಯವಿಟ್ಟು ನಗಬೇಡಿ.

2014ರಲ್ಲಿ ಸುರಪುರಕ್ಕೆ ವರ್ಗವಾಯಿತು. ಸುರಪುರ ಬೆಟ್ಟದ ಊರು. ಬೇಡ ನಾಯಕರ ಕೋಟೆಯ ಊರು. ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆ ಇರುವ ಗುಡ್ಡ, ಏರಿಳಿಯುವ ಓಣಿಗಳು, ಕಲ್ಲುಹಾಸು. ಏರುವಾಗ ಬೆರಳ ಬುಡ ಉರಿಯುತ್ತಿತ್ತು, ಇಳಿಯುವಾಗ ಹಿಮ್ಮಡಿ. ಮಕ್ಕಳನ್ನು ಟೇಲರ್ ಮಂಜಿಲ್ ತೋರಿಸಲು ಕರೆದುಕೊಂಡು ಹೋದ ದಿನ ನಾನು ಕೆಳಗೇ ಒಂದು ಬಂಡೆಯ ಮೇಲೆ ಕೂತೆ. ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕನ ಕಥೆಯನ್ನು ಅಲ್ಲೇ ಹೇಳಿ ಕಳಿಸಿ, ಅವರು ಮೇಲೆ ಸಣ್ಣಗೆ ಕಾಣುವುದನ್ನು ನೋಡುತ್ತಿದ್ದೆ. ಮೊದಲಾದರೆ ಶಾಲೆಯ ಪ್ರವಾಸದಲ್ಲಿ ನಾನೇ ಮುಂದೆ ನಡೆಯುತ್ತಿದ್ದವಳು.

ಸುರಪುರದಲ್ಲಿ ನನಗೆ ನೀರಿನ ಭಯ ಹತ್ತಿತು. ಅದು ಸುಮ್ಮನೆ ಬಂದ ಭಯವಾಗಿರಲಿಲ್ಲ. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲಿನಲ್ಲಿ ಕಂದು ಪಟ್ಟಿಯಿರುವ ಮಕ್ಕಳು ತರಗತಿಯಲ್ಲೇ ಇರುತ್ತಿದ್ದರು. ಅವರ ಅಜ್ಜ ಅಜ್ಜಿಯರ ಮೊಣಕಾಲು, ಬೆನ್ನು ಬಾಗಿಸಲು ಬಾರದಂತೆ ಬಿಗಿದಿರುತ್ತಿದ್ದವು. ಇದಕ್ಕಿಂತ ಕೆಟ್ಟದ್ದು ಕಿರದಳ್ಳಿ ತಾಂಡಾದ ಸುದ್ದಿ. ಸುರಪುರ ತಾಲ್ಲೂಕಿನಲ್ಲೇ ಒಂದು ಮಂಗಳೂರು ಇದೆ, ಕಡಲ ಊರಲ್ಲ, ಹಳೆಯ ಚಿನ್ನದ ಗಣಿಯ ಊರು. ಆ ಗಣಿಯ ಕಲ್ಲಿನ ಪಟ್ಟಿಯಲ್ಲೇ ಇರುವ ಈ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿತು. ಕೋಲ್ಕತ್ತದ ವಿಜ್ಞಾನಿಗಳು ಅಲ್ಲಿನ ನೀರನ್ನೂ ಜನರ ಚರ್ಮ, ಕೂದಲು, ಉಗುರುಗಳನ್ನೂ ಪರೀಕ್ಷಿಸಿ 2013ರಲ್ಲಿ ಬರೆದರು. ಆರ್ಸೆನಿಕ್ ಬಹಳ ದಿನ ಮೈ ಸೇರಿದರೆ ಅಂಗೈ, ಅಂಗಾಲಿನಲ್ಲಿ ಕಾಳಿನಂಥ ಗಂಟು ಏಳುತ್ತವೆ, ನರಗಳು ಕೆಟ್ಟು ಪಾದ ಉರಿಯುತ್ತದೆ. ಪತ್ರಿಕೆಯಲ್ಲಿ ಅಂಥ ಅಂಗಾಲಿನ ಚಿತ್ರ ನೋಡಿದ ದಿನ ನನ್ನ ಪಾದವನ್ನು ಕನ್ನಡಿಯ ಮೇಲಿಟ್ಟು ಒಂದು ತಾಸು ಹುಡುಕಿದೆ. ಗಂಟು ಇರಲಿಲ್ಲ. ನಾನು ಕುಡಿದದ್ದು ಪಟ್ಟಣದ ನಳದ ನೀರು. ತಾಂಡಾದವರಿಗೆ ಕಾರಣ ಗೊತ್ತಾಗಿತ್ತು. ಗೊತ್ತಾದ ಕಾರಣವೂ ಅವರ ಕಾಲನ್ನು ವಾಪಸು ಕೊಡಲಿಲ್ಲ. ಹೆಸರು ಸಿಕ್ಕರೆ ಎಲ್ಲ ಸಿಕ್ಕಂತೆ ಎಂಬ ನನ್ನ ನಂಬಿಕೆ ಮೊದಲು ಅಲುಗಿದ್ದು ಅಲ್ಲಿ.

ನೋವಿಗಿಂತ ಹೆಚ್ಚು ನೋಯಿಸಿದ ಒಂದು ದಿನವನ್ನೂ ಬರೆಯಲೇಬೇಕು. ತರಗತಿಯಲ್ಲಿ ಕುರ್ಚಿ ಹಾಕಿಕೊಂಡು ಪಾಠ ಮಾಡುತ್ತಿದ್ದೆ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಮಕ್ಕಳ ಮುಂದೆಯೇ ಕೇಳಿದರು: "ಏನು ಕಾಯಿಲೆ?" ಕಾಲು ನೋವು ಅಂದೆ. "ಅದು ಕಾಯಿಲೆಯ ಹೆಸರಲ್ಲ. ಸರ್ಟಿಫಿಕೇಟ್ ತನ್ನಿ." ವೈದ್ಯರ ಹತ್ತಿರ ಹೋದೆ. ನಮೂನೆಯಲ್ಲಿ ರೋಗದ ಹೆಸರಿಗೆ ಒಂದು ಗೆರೆ ಜಾಗ. ಅವರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಸುಳ್ಳು ಬರೆಯಲು ಅವರಿಗೆ ಮನಸ್ಸಿಲ್ಲ, ಬರೆಯದಿದ್ದರೆ ನನಗೆ ಕುರ್ಚಿ ಇಲ್ಲ. ಕೊನೆಗೆ "ಎರಡೂ ಪಾದಗಳ ದೀರ್ಘಕಾಲದ ನೋವು, ತಪಾಸಣೆ ನಡೆದಿದೆ" ಎಂದು ಬರೆದರು. ಕಚೇರಿಯಲ್ಲಿ ಅದನ್ನು ಒಪ್ಪಲಿಲ್ಲ. ಜನಗಣತಿಯಲ್ಲಿ ನಾನೇ ಮನೆಮನೆಗೆ ಹೋಗಿ ಅಂಗವೈಕಲ್ಯದ ಕಾಲಂ ತುಂಬಿದ್ದೆ: ನೋಡಲು, ಕೇಳಲು, ಮಾತಾಡಲು, ನಡೆಯಲು. ಆಗ ಎಷ್ಟು ಮಂದಿ "ಕಾಲು ನೋಯ್ತಾವ ಟೀಚರ್" ಅಂದಿದ್ದರು, ನಾನು "ನಡೀತೀರಲ್ಲ?" ಎಂದು ಕೇಳಿ ಮುಂದೆ ಹೋಗಿದ್ದೆ! ನಡೆಯುತ್ತೇನೆ, ಹೌದು. ಪ್ರತಿ ಹೆಜ್ಜೆಗೆ ಏನು ತೆರುತ್ತೇನೆ ಎಂಬುದಕ್ಕೆ ಕಾಲಂ ಇರಲಿಲ್ಲ.

ಆ ವರ್ಷ ಏಳನೆಯ ತರಗತಿಯ ಮಕ್ಕಳು ತಾವೇ ಒಂದು ವ್ಯವಸ್ಥೆ ಮಾಡಿದರು. ಬೋರ್ಡಿಗೆ ಬರೆಯುವ ಕೆಲಸ ದಿನಕ್ಕೊಬ್ಬರದು. ನಾನು ಕಟ್ಟೆಯ ಅಂಚಿಗೆ ಕೂತು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಆ ತರಗತಿಯ ಅಕ್ಷರ ಶಾಲೆಯಲ್ಲೇ ಚೆಂದವಾಯಿತು.

2019ರಲ್ಲಿ ಯಾದಗಿರಿಗೆ ಬಂದೆ. ಇಲ್ಲಿ ರೈಲಿದೆ, ಮುಂಬೈ–ಚೆನ್ನೈ ಹಾದಿ, ಹೈದರಾಬಾದು, ಸೊಲ್ಲಾಪುರ ಎರಡೂ ಕಡೆ ಹೋಗಬಹುದು. ನಮ್ಮ ಕಡೆಯ ರೋಗಿಗಳೆಲ್ಲ ಹಾಗೇ ತಿರುಗುವವರು. ನಾನೂ ತಿರುಗಿದೆ. ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಹಿಂದಿನವರು ಅವಸರ ಮಾಡಿದರೆ ಬದಿಗೆ ಸರಿದು ನಿಲ್ಲುತ್ತಿದ್ದೆ. ನರಗಳ ತಪಾಸಣೆಯ ದಿನ ಒಬ್ಬ ಯುವ ವೈದ್ಯೆ ಚೀಲದಿಂದ ಶ್ರುತಿಕವೆ ತೆಗೆದರು. ನಮ್ಮ ವಿಜ್ಞಾನ ಕಿಟ್ಟಿನಲ್ಲಿ ಇರುವಂಥದ್ದೇ; ಇದು 128 ಹರ್ಟ್ಜ್‌ನದು. ಬಡಿದು ನನ್ನ ಹೆಬ್ಬೆರಳ ಎಲುಬಿಗೆ ಆನಿಸಿ, ನಡುಕ ನಿಂತಾಗ ಹೇಳಿ ಅಂದರು. ಶಬ್ದವೆಂದರೆ ಕಂಪನ ಎಂದು ಮಕ್ಕಳಿಗೆ ತೋರಿಸುತ್ತಿದ್ದ ಅದೇ ಕವೆ ನನ್ನ ಪಾದದಲ್ಲಿ ನರ ಹುಡುಕುತ್ತಿತ್ತು. ಆಮೇಲೆ ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಜಾಗ ಮುಟ್ಟಿದರು. ವಿದ್ಯುತ್ ಹರಿಸುವ ಪರೀಕ್ಷೆಯೂ ಆಯಿತು. ಎಲ್ಲ ನಾರ್ಮಲ್. ಬಿ12 ಮಾತ್ರ ಕಡಿಮೆ. ಸೂಜಿ ಕೊಟ್ಟರು, ಜೋಮು ಸ್ವಲ್ಪ ಇಳಿಯಿತು, ಉರಿ ಇಳಿಯಲಿಲ್ಲ.

ಆ ವೈದ್ಯೆ ಕಾಗದದ ಮೇಲೆ ಚಿತ್ರ ಬಿಡಿಸಿ ಹೇಳಿದರು. ಪಾದದಲ್ಲಿ 26 ಎಲುಬಿವೆ, ಎಕ್ಸ್‌ರೇ ಅವನ್ನಷ್ಟೇ ನೋಡುತ್ತದೆ. ವಿದ್ಯುತ್ ಪರೀಕ್ಷೆ ದಪ್ಪ ನರಗಳನ್ನು ನೋಡುತ್ತದೆ. ಉರಿ, ಬಿಸಿ, ನೋವು ಒಯ್ಯುವ ಎಳೆಗಳು ಬಹಳ ಸಣ್ಣವು, ಅವು ಕೆಟ್ಟರೂ ಆ ಯಂತ್ರಕ್ಕೆ ಕಾಣುವುದಿಲ್ಲ. "ನಾರ್ಮಲ್ ಅಂದ್ರ ಇಷ್ಟು ಪರೀಕ್ಷಾದಾಗ ಕಾಣಲಿಲ್ಲ ಅಂತ, ನಿಮಗ ನೋವಿಲ್ಲ ಅಂತಲ್ಲ" ಅಂದರು. ಚೀಟಿಯಲ್ಲಿ ಸಣ್ಣ ನರಗಳ ಕಾಯಿಲೆಯ ಹೆಸರು ಬರೆದು, ಮುಂದೆ ನನ್ನ ಹಳೆಯ ಪರಿಚಯದ ಚಿಹ್ನೆ ಹಾಕಿದರು. ಕೆಳಗೆ ಮೂರು ತಿಂಗಳ ನಂತರದ ಒಂದು ತಾರೀಖು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಹೆಸರಿಲ್ಲದ ಕಾಯಿಲೆಯವಳನ್ನು ಮತ್ತೆ ಬಾ ಎಂದು ಕರೆದವರು ಅವರು.

ಅವರು ಕೊಟ್ಟ ಗುಳಿಗೆ ಅಮಿಟ್ರಿಪ್ಟಿಲಿನ್, 10 ಮಿಲಿಗ್ರಾಂ, ರಾತ್ರಿಗೆ. ಮಗ ಮೊಬೈಲಿನಲ್ಲಿ ಹೆಸರು ಹುಡುಕಿ ಮುಖ ಸಣ್ಣ ಮಾಡಿಕೊಂಡ. "ಇದು ಮನಸ್ಸಿನ ಕಾಯಿಲೆಯ ಗುಳಿಗೆ ಅವ್ವಾ." ಮನೆಯಲ್ಲಿ ನಾಲ್ಕು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ; ನೋವೆಲ್ಲ ತಲೆಯೊಳಗಿನದೇ ಎಂಬ ಮಾತು ಬಾಯಿಗೆ ಬರದೆ ಎಲ್ಲರ ಕಣ್ಣಲ್ಲಿತ್ತು. ಅದು ಖಿನ್ನತೆಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಔಷಧಿ, ಸಣ್ಣ ಪ್ರಮಾಣದಲ್ಲಿ ನರದ ನೋವಿಗೂ ಬಹಳ ಕಾಲದಿಂದ ಕೊಡುತ್ತಾರೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು. ಆದರೂ ರಾತ್ರಿ ಹೊದಿಕೆ ತಾಗಿದರೆ ಏಳುವುದು ನಿಂತಿತು.

ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ತನಗೆ ನೋವಿದೆ ಎಂದು ವ್ಯಕ್ತಿ ಹೇಳಿದ್ದನ್ನು ಗೌರವಿಸಬೇಕು ಎಂದು ಸೇರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಮೂರು ತಿಂಗಳು ಮೀರಿದ ನೋವಿಗೆ ಅದರಲ್ಲಿ ಸ್ವಂತದ ಜಾಗವಿದೆ, ಬೇರೆ ಕಾಯಿಲೆಯ ನೆರಳಾಗಿ ನಿಲ್ಲಬೇಕಿಲ್ಲ. ವೈದ್ಯೆ ಇದನ್ನು ಹೇಳಿದಾಗ ಸುರಪುರದ ಆ ನಮೂನೆ ನೆನಪಾಯಿತು. "ದೀರ್ಘಕಾಲದ ನೋವು" ಎಂದು ಆ ಹಿರಿಯ ವೈದ್ಯರು ಬರೆದದ್ದು ಸರಿಯಾಗಿತ್ತು. ಅವರು ಈಗಿಲ್ಲ, ಹೇಳೋಣವೆಂದರೆ.

ನಾನು ನಿವೃತ್ತಳಾಗಿ ಮತ್ತೆ ಶಹಾಪುರದಲ್ಲಿದ್ದೇನೆ. ಮೆತ್ತಗಿನ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕುತ್ತೇನೆ, ಮನೆಯೊಳಗೂ. ಕುಷ್ಠದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗಾಗಿ ನಮ್ಮ ದೇಶದಲ್ಲೇ ರೂಢಿಗೆ ಬಂದ ಚಪ್ಪಲಿ ಅದು. ಅವರ ಋಣ ನನ್ನ ಕಾಲ ಮೇಲಿದೆ. ಮೊದಮೊದಲು ಅದನ್ನು ಕಂಡು ದೂರ ಸರಿದವರೂ ಇದ್ದರು. ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಟವೆಲು ಹಿಡಿದು ಪಾದ ಎಳೆದುಕೊಳ್ಳುತ್ತೇನೆ. ಮಲಗಿದ ಬುದ್ಧನಂತಿರುವ ಬೆಟ್ಟ ಕಾಣುವ ಕಡೆಗೆ ಸಂಜೆ ಹದಿನೈದು ನಿಮಿಷ ನಡೆಯುತ್ತೇನೆ, ಒಳ್ಳೆಯ ದಿನ ಇಪ್ಪತ್ತೈದು. ಕೆಟ್ಟ ದಿನ ಬಾಗಿಲ ತನಕ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗೆ ಈಗ ಹೋಗುವುದಿಲ್ಲ. ಅದಕ್ಕೆ ಬೇಸರವಿದೆ, ಇಲ್ಲವೆಂದು ಹೇಳುವುದಿಲ್ಲ.

ಓದುವವರಲ್ಲಿ ನನ್ನಂಥವರಿದ್ದರೆ ಒಂದು ಕೋರಿಕೆ. ಚೀಟಿಗಳನ್ನು ಒಗೆಯಬೇಡಿ, ತಾರೀಖಿನ ಪ್ರಕಾರ ಜೋಡಿಸಿಡಿ. ಪ್ರಶ್ನಾರ್ಥಕ ಚಿಹ್ನೆ ಇರುವ ಚೀಟಿಯನ್ನು ಮೇಲೆ ಇಡಿ, ಅದರಲ್ಲಿ ಕೊಟ್ಟ ದಿನಕ್ಕೆ ತಪ್ಪದೆ ಹೋಗಿ. ಮನೆಯಲ್ಲಿ ಯಾರಾದರೂ ಕಾಲು ನೋಯುತ್ತದೆ ಅಂದರೆ, ರಿಪೋರ್ಟು ಕೇಳುವ ಮುಂಚೆ ಒಂದು ಕುರ್ಚಿ ಹಾಕಿಕೊಡಿ.